ತೋಟದ ಮರೆಯಲ್ಲಿ ಬೇಟೆ: ಕಳಸ ಸೀಮೆಯ ಸಣ್ಣ ಕಾಡುಬೆಕ್ಕುಗಳು



ಕಳಸದ ಸುತ್ತಮುತ್ತ ಸುದ್ದಿಯಾಗುವ ಪ್ರಾಣಿಗಳೆಂದರೆ ಆನೆ, ಕಾಟಿ, ಆಗೊಮ್ಮೆ ಈಗೊಮ್ಮೆ ಹುಲಿ. ಆನೆ ಯಾರದೋ ತೋಟಕ್ಕೆ ಇಳಿದರೆ ಅರ್ಧ ಗಂಟೆಯೊಳಗೆ ಊರಿನ ಎಲ್ಲ ಫೋನುಗಳಿಗೂ ಸುದ್ದಿ ಮುಟ್ಟುತ್ತದೆ. ಅವುಗಳ ಬಗ್ಗೆ ನಿಮಗೆ ಹೇಳುವವರು ಬಹಳ ಮಂದಿ ಇದ್ದಾರೆ. ನಾನು ಆರಿಸಿಕೊಂಡಿರುವುದು ಎರಡು ಮೂರು ಕಿಲೋ ತೂಗುವ ಒಂದು ಪ್ರಾಣಿಯನ್ನು. ಅದು ನಿಮ್ಮಲ್ಲಿ ಬಹಳಷ್ಟು ಜನರ ತೋಟದಲ್ಲೇ ಇದೆ. ರಾತ್ರಿ ನಿಮ್ಮ ಕಣದ ಬದಿಯಲ್ಲಿ ಹಾದು, ಕಾಫಿ ಗಿಡದ ಬುಡಗಳಲ್ಲಿ ನಡೆದು, ಹಳ್ಳದ ಜಿಗ್ಗಿನೊಳಗೆ ಮರೆಯಾಗುತ್ತದೆ. ಪುಸ್ತಕಗಳಲ್ಲಿ ಅದರ ಹೆಸರು ಚಿರತೆಬೆಕ್ಕು. ಕೆಲವರು ಹುಲಿಬೆಕ್ಕು ಎನ್ನುತ್ತಾರೆ. ಹೆಚ್ಚಿನವರು ಬರೀ ಕಾಡುಬೆಕ್ಕು ಎಂದು ಮಾತು ಮುಗಿಸುತ್ತಾರೆ.

ಈ ಉಪನ್ಯಾಸದಲ್ಲಿ ನನಗೆ ಹೇಳಬೇಕಿರುವುದು ಒಂದೇ ಸಂಗತಿ. ಬೆಕ್ಕಿನ ಮೈಯನ್ನು ರೂಪಿಸಿದ್ದು ಅದು ಬೇಟೆಯಾಡುವ ನೆಲ. ಕಾಲು ಎಷ್ಟು ಉದ್ದ, ಕಿವಿ ಎಷ್ಟು ದೊಡ್ಡದು, ಚರ್ಮದ ಮೇಲೆ ಚುಕ್ಕೆ ಇದೆಯೋ ಇಲ್ಲವೋ, ಇದೆಲ್ಲ ಆ ನೆಲದ ಹುಲ್ಲು, ಪೊದೆ, ನೀರು, ನೆರಳುಗಳ ಲೆಕ್ಕ. ಹಾಗಾಗಿ ನೆಲದ ಮೇಲಿನ ಮರೆ ಬದಲಾದರೆ ಬೆಕ್ಕಿನ ಬದುಕೂ ಬದಲಾಗುತ್ತದೆ. ಕಳಸ, ಮೂಡಿಗೆರೆ, ಬಾಳೆಹೊನ್ನೂರು ಸೀಮೆಯಲ್ಲಿ ಆ ಮರೆ ಉಳಿಯಬೇಕೋ ಹೋಗಬೇಕೋ ಎಂದು ತೀರ್ಮಾನಿಸುತ್ತಿರುವವರು ಕಾಫಿ ಬೆಳೆಯುವ ನಾವೇ.

ಮೊದಲು ದೂರದ ಒಂದು ಬೆಕ್ಕನ್ನು ನೋಡೋಣ, ಅದರ ಪಕ್ಕದಲ್ಲಿಟ್ಟರೆ ನಮ್ಮದು ಸ್ಪಷ್ಟವಾಗುತ್ತದೆ. ಆಫ್ರಿಕದಲ್ಲಿ ಸಹಾರಾ ಮರುಭೂಮಿಯ ಕೆಳಗಿನ ಹುಲ್ಲುಬಯಲುಗಳಲ್ಲಿ ಸರ್ವಲ್ ಎಂಬ ಬೆಕ್ಕಿದೆ. ತೂಕ ಎಂಟರಿಂದ ಹದಿನೆಂಟು ಕಿಲೋ. ಚಿನ್ನದ ಹಳದಿ ಮೈ, ಅದರ ಮೇಲೆ ಕಪ್ಪು ಚುಕ್ಕೆ, ಭುಜದ ಕಡೆ ಚುಕ್ಕೆಗಳು ಕೂಡಿ ಪಟ್ಟೆಯಾಗುತ್ತವೆ. ತಲೆ ಸಣ್ಣದು, ಕಿವಿ ಆ ತಲೆಗೆ ಹೊಂದದಷ್ಟು ದೊಡ್ಡದು. ಮೈಗಾತ್ರಕ್ಕೆ ಹೋಲಿಸಿದರೆ ಬೆಕ್ಕಿನ ಕುಲದಲ್ಲೇ ಅತಿ ಉದ್ದ ಕಾಲು ಇದರದ್ದು. ಈ ಕಾಲು ಓಡುವುದಕ್ಕಾಗಿ ಬಂದದ್ದಲ್ಲ. ಎದೆಮಟ್ಟದ ಹುಲ್ಲಿನಲ್ಲಿ ತಲೆಯನ್ನು ಮೇಲಿಟ್ಟು ನಡೆಯಬೇಕು, ಹುಲ್ಲಿನ ಅಡಿಯಲ್ಲಿ ಇಲಿ ಕದಲಿದ್ದನ್ನು ಕೇಳಬೇಕು, ಕೇಳಿದ ಕಡೆಗೆ ಮೇಲಿನಿಂದ ಹಾರಿ ಬೀಳಬೇಕು. ಸರ್ವಲ್ ಹುಲ್ಲಿನ ನಡುವೆ ನಿಂತು, ಕೆಲವೊಮ್ಮೆ ಕಣ್ಣನ್ನೂ ಮುಚ್ಚಿ, ನಿಮಿಷಗಟ್ಟಲೆ ಬರೀ ಕೇಳುತ್ತದೆ. ಇಲಿಗಳು ತಮ್ಮತಮ್ಮಲ್ಲಿ ಆಡುವ, ನಮ್ಮ ಕಿವಿಗೆ ಸಿಗದ ಕೀರಲು ದನಿಯೂ ಅದಕ್ಕೆ ಸಿಗುತ್ತದೆ. ಆಮೇಲೆ ನಾಲ್ಕೂ ಕಾಲು ನೆಲ ಬಿಟ್ಟು, ಬಿಲ್ಲಿನಂತೆ ಬಾಗಿ, ಮುಂಗಾಲುಗಳೆರಡನ್ನೂ ಕೂಡಿಸಿ ಇಲಿಯ ಮೇಲೆ ಬೀಳುತ್ತದೆ. ತಾಂಜಾನಿಯಾದ ಗೊರೊಂಗೊರೊ ಕುಳಿಪ್ರದೇಶದಲ್ಲಿ ಆಡ್ಯೆ ಗೀರ್ಟ್ಸೆಮಾ ಎಂಬ ಸಂಶೋಧಕಿ ಸರ್ವಲ್‌ಗಳ ಹಿಂದೆ ಬಿದ್ದು ನೋಡಿ 1985ರಲ್ಲಿ ಪ್ರಕಟಿಸಿದ ಬರಹದ ಪ್ರಕಾರ, ಹೆಚ್ಚುಕಡಿಮೆ ಎರಡು ನೆಗೆತಕ್ಕೆ ಒಂದು ಬೇಟೆ ಸಿಗುತ್ತದೆ. ಹುಲಿ ಸಿಂಹಗಳಿಗೆ ಇಷ್ಟು ಗೆಲುವಿಲ್ಲ.

ಆಫ್ರಿಕದ ದಕ್ಷಿಣ ತುದಿಯ ಒಣನೆಲದಲ್ಲಿ ಇನ್ನೊಂದಿದೆ, ಕರಿಪಾದದ ಬೆಕ್ಕು. ಒಂದರಿಂದ ಎರಡೂವರೆ ಕಿಲೋ ತೂಕ, ಅಷ್ಟೇ. ಕಿಂಬರ್ಲಿ ಪಟ್ಟಣದ ಬಳಿ ಅದನ್ನು ವರ್ಷಾನುಗಟ್ಟಲೆ ಹಿಂಬಾಲಿಸಿದ ಅಲೆಕ್ಸಾಂಡರ್ ಸ್ಲಿವಾ ಮೂರು ಬಗೆಯ ಬೇಟೆ ಕಂಡರು. ಪೊದೆಯಿಂದ ಪೊದೆಗೆ ಬಿರಬಿರನೆ ನುಗ್ಗಿ ಅಡಗಿದ್ದನ್ನು ಎಬ್ಬಿಸುವುದು ಒಂದು, ಹಾವಿನಂತೆ ಸುಳಿದು ನಿಧಾನವಾಗಿ ಹುಡುಕುವುದು ಇನ್ನೊಂದು, ಬಿಲದ ಬಾಯಲ್ಲಿ ಅಲುಗದೆ ಕಾಯುವುದು ಮತ್ತೊಂದು. ಒಂದೊಂದು ರಾತ್ರಿಗೆ ಹತ್ತು ಹದಿನಾಲ್ಕು ಇಲಿ, ಹಕ್ಕಿಗಳು ಅದಕ್ಕೆ ಬೇಕು. ಈ ಮೂರು ಬಗೆಯನ್ನು ನೆನಪಿಟ್ಟುಕೊಳ್ಳಿ, ನಮ್ಮ ತೋಟಕ್ಕೆ ಬಂದಾಗ ಮತ್ತೆ ಬೇಕಾಗುತ್ತವೆ.

ಸರ್ವಲ್‌ಗೆ ನಮ್ಮಲ್ಲಿ ಜೊತೆಯಾಗಬಲ್ಲದ್ದು ಬಯಲಿನ ಕಾಡುಬೆಕ್ಕು. ಕಡೂರು, ತರೀಕೆರೆ ಕಡೆಯ ಕುರುಚಲು, ಹೊಲ, ಕೆರೆ ಅಂಗಳದ ಜೊಂಡು ಅದರ ನೆಲ. ನೀಳ ಕಾಲು, ಚುಕ್ಕೆಯಿಲ್ಲದ ಮಣ್ಣುಬಣ್ಣದ ಮೈ, ಕಿವಿಯ ತುದಿಯಲ್ಲಿ ಸಣ್ಣ ಕಪ್ಪು ಕೂದಲ ಕುಚ್ಚು, ತುದಿಯಲ್ಲಿ ಕಪ್ಪು ಉಂಗುರಗಳಿರುವ ಗಿಡ್ಡ ಬಾಲ. ನಾಲ್ಕರಿಂದ ಎಂಟು ಕಿಲೋ ತೂಗುತ್ತದೆ. ಆಫ್ರಿಕದಲ್ಲಿ ನೈಲ್ ನದಿಯ ಬಯಲಿನಲ್ಲೂ ಇದೇ ಜಾತಿ ಇದೆ, ಅಲ್ಲಿಂದ ಆಗ್ನೇಯ ಏಷ್ಯಾದವರೆಗೂ ಹರಡಿದೆ. ಬಯಲಿನ ಒಣಹುಲ್ಲಿನಲ್ಲಿ ಚುಕ್ಕೆಯಿಲ್ಲದ ಮಣ್ಣುಬಣ್ಣವೂ ಒಳ್ಳೆಯ ಮರೆ.

ಇನ್ನು ಘಟ್ಟಕ್ಕೆ ಹತ್ತೋಣ. ಕಳಸದ ಸುತ್ತಿನ ನೆಲವನ್ನು ನಿಮಗೆ ವರ್ಣಿಸಬೇಕಾಗಿಲ್ಲ. ಒಂದು ಕಡೆ ಕುದುರೆಮುಖದ ಶೋಲಾ ಮತ್ತು ಹುಲ್ಲಿನ ಗುಡ್ಡ, 1987ರಿಂದ ರಾಷ್ಟ್ರೀಯ ಉದ್ಯಾನ. ಇನ್ನೊಂದು ಕಡೆ ಭದ್ರೆಯ ಕಣಿವೆ. ನಡುವೆ ಸಂಸೆ, ಹೊರನಾಡು, ಹಿರೇಬೈಲು, ಬಾಳೆಹೊಳೆ, ಮಾಗುಂಡಿ, ಎಲ್ಲ ಕಡೆಯೂ ಕಾಫಿ, ಅಡಿಕೆ, ಏಲಕ್ಕಿ, ಕಾಳುಮೆಣಸು, ತಗ್ಗಿನಲ್ಲಿ ಗದ್ದೆ ಅಥವಾ ಹಡ್ಲು. ಇದು ಹುಲ್ಲಿನ ಮೇಲಿಂದ ನೋಡಿ ಬೇಟೆಯಾಡುವ ನೆಲವಲ್ಲ. ಇಲ್ಲಿ ಬೆಳಕು ಎಲೆಗಳ ಸಂದಿನಿಂದ ಚುಕ್ಕೆಚುಕ್ಕೆಯಾಗಿ ಬೀಳುತ್ತದೆ. ನೆಲದ ಮೇಲೆ ದರಗು, ಕಲ್ಲು, ಬೇರು, ಮಲಗಿದ ಮರ. ಹೆಜ್ಜೆಗೊಂದು ತಡೆ.

ಆ ನೆಲದ ಬೆಕ್ಕು ಹೀಗಿದೆ. ಗಾತ್ರ ಮನೆಬೆಕ್ಕಿನಷ್ಟೇ, ಕಾಲು ಮಾತ್ರ ಕೊಂಚ ಉದ್ದ. ಬಾಲ ಬಿಟ್ಟು ಮೈ ಒಂದೂವರೆಯಿಂದ ಎರಡಡಿ, ಬಾಲ ಅದರ ಅರ್ಧದಷ್ಟು. ಹಳದಿ ಕಂದು ಮೈಮೇಲೆ ಕಪ್ಪು, ಕಡುಕಂದು ಚುಕ್ಕೆಗಳು. ಚಿರತೆಯ ಮೈಯಲ್ಲಿ ಚುಕ್ಕೆಗಳು ಹೂವಿನ ಹಾಗೆ ಸುತ್ತುಗಟ್ಟಿರುತ್ತವೆ, ಇದರ ಚುಕ್ಕೆಗಳು ಹೆಚ್ಚಾಗಿ ಒಂಟಿ, ಗಟ್ಟಿ. ಹೊಟ್ಟೆ ಬಿಳಿ, ಅಲ್ಲೂ ಚುಕ್ಕೆ. ಮೂಗಿನ ಬುಡದಿಂದ ಕಣ್ಣುಗಳ ನಡುವೆ ಹಣೆಗೆ ಏರುವ ಎರಡು ಬಿಳಿಗೆರೆಗಳು ಮೊದಲ ಗುರುತು. ಹಣೆಯಿಂದ ಕುತ್ತಿಗೆಗೆ ಓಡುವ ನಾಲ್ಕು ಕಪ್ಪುಗೆರೆಗಳು ಎರಡನೆಯದು. ಕಿವಿ ದುಂಡಗೆ, ಹಿಂಬದಿಯಲ್ಲಿ ಕಪ್ಪು, ಆ ಕಪ್ಪಿನ ನಡುವೆ ಒಂದು ಬಿಳಿ ಮಚ್ಚೆ. ಮುಖ ಕಿರಿದು, ಕಣ್ಣು ದೊಡ್ಡವು. ಕಾಲ್ಬೆರಳುಗಳ ನಡುವೆ ತೆಳು ಚರ್ಮವಿದೆ, ಚೆನ್ನಾಗಿ ಈಜುತ್ತದೆ. ಮರ ಹತ್ತುವುದರಲ್ಲೂ ಚುರುಕು. 1792ರಲ್ಲಿ ರಾಬರ್ಟ್ ಕೆರ್ ಎಂಬ ಸ್ಕಾಟ್ಲೆಂಡಿನ ವಿದ್ವಾಂಸ ಇದನ್ನು ವಿಜ್ಞಾನದ ಪಟ್ಟಿಗೆ ಸೇರಿಸಿದಾಗ ಬಂಗಾಳದ ಹೆಸರು ಕೊಟ್ಟ, ವೈಜ್ಞಾನಿಕ ಹೆಸರಿನಲ್ಲಿ ಅದು ಈಗಲೂ ಇದೆ.

ಇದನ್ನು ಪುನುಗು ಬೆಕ್ಕಿನೊಂದಿಗೆ ಬೆರೆಸುವವರು ನಮ್ಮಲ್ಲಿ ಬಹಳ. ಪುನುಗು ಬೆಕ್ಕಿನ ಕುಲವೇ ಬೇರೆ. ಮೂತಿ ಚೂಪು, ಮೈ ಉದ್ದ, ಕಾಲು ಗಿಡ್ಡ, ಬಾಲ ಮೈಯಷ್ಟೇ ಉದ್ದ. ಅದು ಕಾಫಿ ಹಣ್ಣು, ಬೈನೆ ಹಣ್ಣು ತಿನ್ನುತ್ತದೆ. ಅದರ ಹಿಕ್ಕೆಯಲ್ಲಿ ಕಾಫಿ ಬೀಜ ಅಂಟಿಕೊಂಡಿರುವುದನ್ನು ಕೊಯ್ಲಿನ ಕಾಲದಲ್ಲಿ ನೀವೆಲ್ಲ ಕಂಡಿದ್ದೀರಿ. ಚಿರತೆಬೆಕ್ಕಿನ ಹಿಕ್ಕೆಯಲ್ಲಿ ಬೀಜವಿರುವುದಿಲ್ಲ. ಇಲಿಯ ಕೂದಲು, ಹುಡಿಯಾದ ಎಲುಬು, ಕೆಲವೊಮ್ಮೆ ಹಲ್ಲಿನ ಚೂರು ಇರುತ್ತದೆ. ವಿದ್ಯಾರ್ಥಿಗಳು ಈ ಒಂದು ಗುರುತನ್ನಾದರೂ ತೆಗೆದುಕೊಂಡು ಹೋಗಬೇಕೆಂದು ನನ್ನ ಆಸೆ. ಪ್ರಾಣಿಯನ್ನು ಕಾಣದೆಯೂ ಅದರ ಊಟವನ್ನು ಓದಬಹುದು.

ಕರ್ನಾಟಕದ ಸಣ್ಣ ಬೆಕ್ಕುಗಳಲ್ಲಿ ಮೂರನೆಯದೂ ಇದೆ, ಅದರ ಬಗ್ಗೆ ಎರಡೇ ಮಾತು. ತುಕ್ಕುಬಣ್ಣದ ಚುಕ್ಕೆಯ ಬೆಕ್ಕು, ಪ್ರಪಂಚದ ಅತಿ ಚಿಕ್ಕ ಕಾಡುಬೆಕ್ಕುಗಳಲ್ಲೊಂದು, ಒಂದೂವರೆ ಕಿಲೋ ದಾಟುವುದು ಅಪರೂಪ. ಭಾರತ, ಶ್ರೀಲಂಕಾ, ನೇಪಾಳ ಬಿಟ್ಟರೆ ಬೇರೆಲ್ಲೂ ಇಲ್ಲ. ಹೆಚ್ಚಾಗಿ ಒಣಕಾಡಿನ ಪ್ರಾಣಿ. ಮಳೆಕಾಡಿನ ಅಂಚಿನ ನಮ್ಮ ತೋಟಗಳು ಚಿರತೆಬೆಕ್ಕಿನ ರಾಜ್ಯ. ಭದ್ರಾ, ಬಿಳಿಗಿರಿ, ನಾಗರಹೊಳೆ, ಬಂಡೀಪುರಗಳಲ್ಲಿ ಹುಲಿ ಎಣಿಸಲು ಇಟ್ಟ ಕ್ಯಾಮೆರಾಗಳಲ್ಲಿ ಬಿದ್ದ ಚಿರತೆಬೆಕ್ಕಿನ ಚಿತ್ರಗಳನ್ನು ಕೂಡಿಸಿ ಮಾಡಿದ ಅಧ್ಯಯನವೊಂದು 2015ರಲ್ಲಿ ಬಂತು. ಒಂದೊಂದು ಬೆಕ್ಕಿನ ಚುಕ್ಕೆಯ ಜೋಡಣೆ ಒಂದೊಂದು ಥರ, ಹಾಗಾಗಿ ಹುಲಿಯ ಪಟ್ಟೆಯಿಂದ ಹುಲಿಯನ್ನು ಗುರುತಿಸುವಂತೆ ಇವನ್ನೂ ಬಿಡಿಬಿಡಿಯಾಗಿ ಗುರುತಿಸಬಹುದು. ಬಂಡೀಪುರದ ಒಣಕಾಡಿನಲ್ಲಿ ಅವು ಸಿಗಲಿಲ್ಲ, ಭದ್ರಾದ ತೇವದ ಕಾಡಿನಲ್ಲಿ ಸಿಕ್ಕವು. ತೇವ ಮತ್ತು ಮರೆ, ಇವೆರಡರ ಜೊತೆಗೇ ಈ ಬೆಕ್ಕಿನ ನಂಟು.

ಈಗ ಬೇಟೆಗೆ ಬರುತ್ತೇನೆ. ಚಿರತೆಬೆಕ್ಕು ಮುಖ್ಯವಾಗಿ ರಾತ್ರಿಯ ಪ್ರಾಣಿ, ಜನರ ಓಡಾಟವಿಲ್ಲದ ಕಡೆ ಹಗಲಲ್ಲೂ ಸುತ್ತುತ್ತದೆ. ಒಂಟಿಯಾಗಿ ಬೇಟೆಯಾಡುತ್ತದೆ. ಸರ್ವಲ್‌ನಂತೆ ಎತ್ತರಕ್ಕೆ ಹಾರಲು ಕಾಫಿ ತೋಟದ ನೆಲದಲ್ಲಿ ಜಾಗವಿಲ್ಲ, ಮೊಣಕಾಲೆತ್ತರದಲ್ಲೇ ರೆಂಬೆಗಳು ಅಡ್ಡ ಬರುತ್ತವೆ. ಅದಕ್ಕೆ ಇದು ತಗ್ಗಿ ನಡೆಯುತ್ತದೆ. ಎದೆ ನೆಲಕ್ಕೆ ಸೋಕುವಷ್ಟು ಬಾಗಿ, ಹಿಂಗಾಲನ್ನು ಮುಂಗಾಲು ಇಟ್ಟ ಗುರುತಿನಲ್ಲೇ ಇಟ್ಟು ಸರಿಯುತ್ತದೆ. ದರಗು ಚರಚರ ಎನ್ನದ ಜಾಗ ಒಮ್ಮೆ ಸಿಕ್ಕರೆ ಎರಡು ಸಲ ಬಳಸುವ ಜಾಣತನ ಅದು. ಇಲಿಗೂ ಬೆಕ್ಕಿಗೂ ನಡುವೆ ಕೊನೆಯ ಒಂದೆರಡು ಮೊಳ ಉಳಿದಾಗ ನಿಲ್ಲುತ್ತದೆ. ಹಿಂಗಾಲು ಅಲ್ಲಲ್ಲೇ ಮಿಡುಕಾಡಿ ನೆಲವನ್ನು ಗಟ್ಟಿಮಾಡಿಕೊಳ್ಳುತ್ತವೆ. ಅಲ್ಲಿಂದ ಒಂದೇ ಚಿಮ್ಮು.

ಹಿಡಿದ ಮೇಲಿನ ಕೆಲಸ ಬಾಯಿಯದ್ದು. ಕಣ್ಣಿಗೆ ಅಷ್ಟು ಹತ್ತಿರದ ವಸ್ತು ಸರಿಯಾಗಿ ಕಾಣುವುದಿಲ್ಲ, ಆಗ ಮೀಸೆ ಮುಂದಕ್ಕೆ ಬಾಗಿ ಇಲಿಯನ್ನು ತಡವಿ ಅದರ ಕೂದಲು ಯಾವ ಕಡೆಗೆ ಬಾಗಿದೆ ಎಂದು ತಿಳಿಯುತ್ತದೆ. ಕೂದಲಿನ ದಿಕ್ಕು ಗೊತ್ತಾದರೆ ಕುತ್ತಿಗೆಯ ದಿಕ್ಕು ಗೊತ್ತಾದಂತೆ. ಕೋರೆಹಲ್ಲು ಕುತ್ತಿಗೆಯ ಎರಡು ಎಲುಬುಗಳ ಸಂದಿಗೆ ಇಳಿಯುತ್ತದೆ, ಬೆನ್ನುಹುರಿ ಕಡಿಯುತ್ತದೆ, ಕ್ಷಣದಲ್ಲಿ ಸಾವು. ಕಿರುಚಾಟವಿಲ್ಲ. ಸಣ್ಣ ಬೆಕ್ಕಿಗೆ ಈ ಮೌನ ಮುಖ್ಯ, ಅದನ್ನೇ ಹಿಡಿದು ತಿನ್ನುವ ಚಿರತೆ, ದೊಡ್ಡ ಗೂಬೆ, ಹೆಬ್ಬಾವು ಅದೇ ಕಾಡಿನಲ್ಲಿವೆ.

ಮೊದಲು ಹೇಳಿದ ಮೂರು ಬಗೆಯ ಬೇಟೆಯೂ ತೋಟದಲ್ಲಿ ನಡೆಯುತ್ತದೆ, ಜಾಗ ಮಾತ್ರ ಬೇರೆಬೇರೆ. ಗದ್ದೆಯ ಬದು ಮತ್ತು ಧರೆಯಲ್ಲಿರುವ ಹೆಗ್ಗಣದ ಬಿಲಗಳ ಬಾಯಲ್ಲಿ ಕಾದು ಕೂರುವ ಬೇಟೆ. ಏಲಕ್ಕಿ ಹಿಂಡಿಲಿನ ನಡುವೆ, ಹಳ್ಳದ ಅಂಚಿನಲ್ಲಿ ನಿಧಾನದ ಹುಡುಕಾಟ. ಹಡ್ಲು ಬಿದ್ದ ಗದ್ದೆಯ ಹುಲ್ಲಿನಲ್ಲಿ ನುಗ್ಗಿ ಎಬ್ಬಿಸುವುದು. ಇಲಿ ಸಿಗದಾಗ ಕಪ್ಪೆ, ಹಾವುರಾಣಿ, ಓತಿ, ಸಣ್ಣ ಹಕ್ಕಿ, ಮಿಡತೆ, ಜೀರುಂಡೆ, ಏಡಿ. ಪುನರ್ವಸು, ಪುಷ್ಯ ಮಳೆಗಳು ಬಿಡದೆ ಹೊಡೆದು ಭದ್ರೆಯ ಮೇಲಿನ ಹೆಬ್ಬಾಳೆ ಸೇತುವೆ ಮುಳುಗುವ ದಿನಗಳಲ್ಲಿ ಈ ಬೆಕ್ಕಿನ ಪಾಡೇನು ಎಂದು ನಾನು ಬಹಳ ಯೋಚಿಸಿದ್ದೇನೆ. ಎಲೆಗಳ ಮೇಲೆ ಮಳೆ ಬೀಳುವ ಸದ್ದಿಗೆ ಇಲಿಯ ಸದ್ದು ಮುಚ್ಚಿಹೋಗುತ್ತದೆ, ಕಿವಿ ಕೈಕೊಡುತ್ತದೆ. ಇನ್ನೊಂದು ಕಡೆ ಅದೇ ಮಳೆ ಬೆಕ್ಕಿನ ಹೆಜ್ಜೆಯ ಸದ್ದನ್ನೂ ಮುಚ್ಚುತ್ತದೆ, ದರಗು ನೆಂದು ಮೆತ್ತಗಾಗಿರುತ್ತದೆ. ಬಿಲಕ್ಕೆ ನೀರು ನುಗ್ಗಿ ಇಲಿಗಳು ಎತ್ತರದ ಬದುಗಳಿಗೆ, ಕಲ್ಲು ಕಟ್ಟೆಗಳಿಗೆ, ನಮ್ಮ ಮನೆಯ ಅಟ್ಟಗಳಿಗೆ ಬರುತ್ತವೆ. ಕಪ್ಪೆಗಳಿಗಂತೂ ಅದೇ ಸುಗ್ಗಿ. ಮಳೆಗಾಲದಲ್ಲಿ ಮನೆಯ ಹಿಂದಿನ ಕೊಟ್ಟಿಗೆಯ ಬಳಿ ಈ ಬೆಕ್ಕು ಕಂಡರೆ ಅದು ನಿಮ್ಮ ಮನೆಗೆ ಬಂದ ಇಲಿಯ ಹಿಂದೆ ಬಂದಿದೆ ಎಂದು ತಿಳಿಯಬಹುದು.

ಕೋಳಿಗೂಡಿನ ಮಾತನ್ನು ಮುಚ್ಚಿಡುವುದಿಲ್ಲ. ಚಿರತೆಬೆಕ್ಕು ಕೋಳಿ ಹಿಡಿಯುತ್ತದೆ. ಒಂದೇ ರಾತ್ರಿ ಐದಾರು ಕೋಳಿಯನ್ನು ಕೊಂದು, ಒಂದನ್ನು ತಿಂದು, ಉಳಿದವನ್ನು ಬಿಟ್ಟುಹೋದಾಗ ಕಾರ್ಮಿಕರ ಲೈನ್ ಮನೆಯ ಅಕ್ಕನಿಗೆ ಬರುವ ಸಿಟ್ಟು ನ್ಯಾಯವಾದದ್ದು, ಆ ಕೋಳಿಗಳು ಅವಳ ಹಬ್ಬದ ಖರ್ಚು, ಮಗಳ ಶಾಲೆಯ ಶುಲ್ಕ. ಹಸಿವಿಲ್ಲದಿದ್ದರೂ ಯಾಕೆ ಕೊಲ್ಲುತ್ತದೆ? ಜರ್ಮನಿಯ ಪಾಲ್ ಲೈಹೌಸೆನ್ ಬೆಕ್ಕುಗಳ ನಡವಳಿಕೆಯನ್ನು ದಶಕಗಟ್ಟಲೆ ಅಭ್ಯಾಸ ಮಾಡಿದವರು. ಹುಡುಕುವುದು, ಹಿಡಿಯುವುದು, ಕೊಲ್ಲುವುದು, ತಿನ್ನುವುದು, ಇವು ಬೆಕ್ಕಿನಲ್ಲಿ ಬೇರೆಬೇರೆ ತುಡಿತಗಳು ಎಂದು ಅವರು ತೋರಿಸಿದರು. ಹೊಟ್ಟೆ ತುಂಬಿದರೆ ತಿನ್ನುವುದು ನಿಲ್ಲುತ್ತದೆ, ಹಿಡಿಯುವ ತುಡಿತ ನಿಲ್ಲುವುದಿಲ್ಲ. ಹತ್ತು ಸಲ ಹೊಂಚಿದರೆ ಕೆಲವೇ ಸಲ ಸಿಗುವ ಕಾಡಿನಲ್ಲಿ ಅದು ಸರಿಯಾದ ಏರ್ಪಾಡು. ಕಾಡಿನಲ್ಲಿ ಒಂದನ್ನು ಹಿಡಿದರೆ ಉಳಿದವು ಓಡಿಹೋಗುತ್ತವೆ. ಮುಚ್ಚಿದ ಗೂಡಿನಲ್ಲಿ ಅವು ಓಡಲಾರವು, ರೆಕ್ಕೆ ಬಡಿಯುತ್ತ ಕಣ್ಣೆದುರೇ ಸುತ್ತುತ್ತವೆ, ಆ ತುಡಿತ ಮತ್ತೆಮತ್ತೆ ಕೆರಳುತ್ತದೆ. ಇದಕ್ಕೆ ಮದ್ದು ಸರಳ: ಬೆಕ್ಕಿನ ತಲೆ ತೂರದಷ್ಟು ಸಣ್ಣ ಕಣ್ಣಿನ ತಂತಿಬಲೆ, ನೆಲದಡಿ ಒಂದು ಗೇಣು ಹೂತದ್ದು, ಸಂಜೆ ಮರೆಯದೆ ಹಾಕುವ ಚಿಲಕ. ಆ ಬಲೆಯ ಖರ್ಚನ್ನು ತೋಟದ ಮಾಲೀಕರು ಕೊಡಬೇಕೆಂದು ನಾನು ಈ ವೇದಿಕೆಯಿಂದ ಕೇಳಿಕೊಳ್ಳುತ್ತೇನೆ. ತೋಟದ ಇಲಿ ಕಡಿಮೆಯಾಗುವ ಲಾಭ ಮಾಲೀಕರಿಗೆ, ಕೋಳಿ ಹೋಗುವ ನಷ್ಟ ಕಾರ್ಮಿಕರಿಗೆ, ಇದು ಸಲ್ಲದು.

ಬೆಕ್ಕು ಮತ್ತು ಬೇಸಾಯದ ನಂಟು ಹೊಸದಲ್ಲ. ನಮ್ಮ ಮನೆಬೆಕ್ಕು ಆಫ್ರಿಕ ಮತ್ತು ಪಶ್ಚಿಮ ಏಷ್ಯಾದ ಬೇರೊಂದು ಜಾತಿಯ ಕಾಡುಬೆಕ್ಕಿನ ಸಂತತಿ ಎಂದು 2007ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನ ಖಚಿತಪಡಿಸಿತು. ಕಣಜಕ್ಕೆ ಇಲಿ ಬಂತು, ಇಲಿಯ ಹಿಂದೆ ಬೆಕ್ಕು ಬಂತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷದ ಹಿಂದೆ ಮನುಷ್ಯನ ಪಕ್ಕದಲ್ಲಿ ಹೂತ ಬೆಕ್ಕು ಸಿಕ್ಕಿದೆ. ನನಗೆ ಇದಕ್ಕಿಂತಲೂ ರೋಮಾಂಚನ ತಂದದ್ದು ಚೀನಾದ ಕ್ವಾನ್‌ಹೂಕುನ್ ಎಂಬ ಹಳೆಯ ಹಳ್ಳಿಯ ಕಥೆ. ಐದು ಸಾವಿರ ವರ್ಷಕ್ಕೂ ಹಿಂದಿನ ಆ ರೈತರ ಊರಿನಲ್ಲಿ ಬೆಕ್ಕಿನ ಎಲುಬು ಸಿಕ್ಕವು. ಅವು ನವಣೆ ಜಾತಿಯ ಕಾಳು ತಿಂದು ಬೆಳೆದ ಇಲಿಗಳನ್ನು ತಿಂದ ಬೆಕ್ಕುಗಳು ಎಂದು ಎಲುಬಿನ ರಸಾಯನ ಹೇಳಿತು. ಹಲವರು ಮನೆಬೆಕ್ಕು ಎಂದೇ ಎಣಿಸಿದ್ದರು. 2016ರಲ್ಲಿ ದವಡೆಯ ಆಕಾರವನ್ನು ಅಳೆದು ನೋಡಿದಾಗ ಅವು ಚಿರತೆಬೆಕ್ಕುಗಳು! ನಮ್ಮ ಹಳ್ಳದ ಜಿಗ್ಗಿನಲ್ಲಿರುವ ಇದೇ ಕುಲದ ಪ್ರಾಣಿ ಒಂದು ಕಾಲಕ್ಕೆ ರೈತರ ಕಣಜದ ಬಳಿ ಬಂದು ನೆಲೆಸಿತ್ತು. ಆಮೇಲೆ ಪಶ್ಚಿಮದಿಂದ ಮನೆಬೆಕ್ಕು ಬಂದು ಆ ಜಾಗ ಹಿಡಿಯಿತು, ಇದು ಮತ್ತೆ ಕಾಡಿನ ಅಂಚಿಗೆ ಸರಿಯಿತು.

ಬೋರ್ನಿಯೋ ದ್ವೀಪದ ಸಬಾದಲ್ಲಿ ನಮ್ಮದಕ್ಕೆ ತೀರ ಹತ್ತಿರದ ಪಾಠವಿದೆ. ಅಲ್ಲಿ ಕಾಡು ಕಡಿದು ತಾಳೆ ಎಣ್ಣೆಯ ತೋಟ ಹಾಕಿದ್ದಾರೆ, ಆ ತೋಟಗಳಲ್ಲಿ ಇಲಿ ವಿಪರೀತ. ರಾಜನಾಥನ್ ರಾಜರತ್ನಂ ಮತ್ತು ಸಂಗಡಿಗರು ಚಿರತೆಬೆಕ್ಕುಗಳಿಗೆ ರೇಡಿಯೋ ಪಟ್ಟಿ ಕಟ್ಟಿ ಹಿಂಬಾಲಿಸಿ 2007ರಲ್ಲಿ ಬರೆದರು: ಬೆಕ್ಕುಗಳು ಬೇಟೆಗೆ ತೋಟಕ್ಕೆ ಬರುತ್ತವೆ, ಅವುಗಳ ಆಹಾರದಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗೂ ಮಿಕ್ಕಿ ಇಲಿ ಜಾತಿಯೇ, ಆದರೆ ಮಲಗಲು, ಮರಿಯಿಡಲು ಅವು ಉಳಿದಿರುವ ಕಾಡಿನ ತುಂಡುಗಳಿಗೆ ಹೋಗುತ್ತವೆ. ತೋಟ ಊಟದ ಜಾಗ, ಕಾಡಿನ ತುಂಡು ಮನೆ. ಎರಡೂ ಇದ್ದರೆ ಮಾತ್ರ ಬೆಕ್ಕು. ನಮ್ಮ ಕಡೆ ಆ ಮನೆ ಎಂದರೆ ಹಳ್ಳದ ಸರಲು, ದೇವರ ಕಾಡು, ಸೊಪ್ಪಿನ ಬೆಟ್ಟ, ಕಾಫಿ ಹಾಕಲಾಗದೆ ಬಿಟ್ಟ ಕಲ್ಲುಗುಡ್ಡೆಯ ಜಿಗ್ಗು. ಇವನ್ನು ಪಾಳುನೆಲ ಎಂದು ಬರೆದುಕೊಳ್ಳುವ ರೂಢಿ ನಮ್ಮಲ್ಲಿದೆ. ನನ್ನ ಎಣಿಕೆಯಲ್ಲಿ ತೋಟದ ಅತಿ ದುಡಿಯುವ ಎಕರೆಗಳು ಅವೇ.

ಮನುಷ್ಯ ಕೈಯಿಟ್ಟ ನೆಲದಲ್ಲಿ ಸಣ್ಣ ಬೆಕ್ಕು ಹೇಗೆ ತಳವೂರಬಲ್ಲದು ಎಂಬುದಕ್ಕೆ ಮತ್ತೆ ಸರ್ವಲ್ ಸಾಕ್ಷಿ. ದಕ್ಷಿಣ ಆಫ್ರಿಕದ ಸೆಕುಂಡಾದಲ್ಲಿ ಕಲ್ಲಿದ್ದಲಿನಿಂದ ಇಂಧನ ತೆಗೆಯುವ ಭಾರಿ ಕಾರ್ಖಾನೆಯಿದೆ. ಹೊಗೆ, ಕೊಳವೆ, ಲಾರಿ. ಬೇಲಿಯೊಳಗೆ ಜನ ತುಳಿಯದ ಹುಲ್ಲು ಮತ್ತು ಜೌಗು ಉಳಿದಿದೆ. 2018ರಲ್ಲಿ ಪ್ರಕಟವಾದ ಎಣಿಕೆಯಂತೆ ಅಲ್ಲಿ ಪ್ರತಿ 100 ಚದರ ಕಿಲೋಮೀಟರಿಗೆ 76ರಿಂದ 101 ಸರ್ವಲ್‌ಗಳಿದ್ದವು, ಎಲ್ಲಿಯೂ ಕಂಡಿರದಷ್ಟು ದಟ್ಟಣೆ. ಬೆಕ್ಕು ಕಾರ್ಖಾನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಹುಲ್ಲಿದೆಯೇ, ಇಲಿಯಿದೆಯೇ, ತನ್ನನ್ನು ಕೊಲ್ಲುವವರು ಇಲ್ಲವೇ, ಇಷ್ಟನ್ನು ನೋಡಿತು.

ಜಪಾನಿನ ಇರಿಯೋಮೋಟೆ ದ್ವೀಪದಲ್ಲಿ ಚಿರತೆಬೆಕ್ಕಿನ ಒಂದು ಉಪಜಾತಿ ಇದೆ, 1965ರಲ್ಲಿ ಹೊರಜಗತ್ತಿಗೆ ಗೊತ್ತಾಯಿತು. ಮೂಲದಲ್ಲಿ ಇಲಿಯೇ ಇರದ ದ್ವೀಪವದು, ಬೆಕ್ಕು ಕಪ್ಪೆ, ಹಾವುರಾಣಿ, ಹಕ್ಕಿ, ಸಿಗಡಿ ತಿಂದು ಬದುಕುವುದನ್ನು ಕಲಿತಿತು. ಒಟ್ಟು ನೂರರ ಆಸುಪಾಸು ಮಾತ್ರ ಉಳಿದಿರುವ ಅವುಗಳನ್ನು ಕೊಲ್ಲುತ್ತಿರುವುದು ವಾಹನಗಳು. ಅಲ್ಲಿ ರಸ್ತೆಯಡಿ ದಾಟುವ ದಾರಿಗಳನ್ನು ಮಾಡಿದ್ದಾರೆ. ನಮ್ಮಲ್ಲಿ ಅಂಥ ಮೋರಿಗಳು ಆಗಲೇ ಇವೆ, ಪ್ರತಿ ತಿರುವಿನಲ್ಲಿ ಒಂದು. ಅವುಗಳ ಬಾಯಿಗೆ ಕಸ, ಪ್ಲಾಸ್ಟಿಕ್ ತುಂಬದಂತೆ ನೋಡಿಕೊಂಡರೆ, ಕುದುರೆಮುಖದ ದಾರಿಯಲ್ಲಿ ರಾತ್ರಿ ವೇಗ ತಗ್ಗಿಸಿದರೆ ಅರ್ಧ ಕೆಲಸವಾಯಿತು. ಬೆಕ್ಕಿಗೆ ದೀಪದ ಬೆಳಕು ಬಿದ್ದರೆ ಓಡುವ ಬದಲು ನಿಲ್ಲುವ ಅಭ್ಯಾಸ. ಹೊಂಚುವ ಪ್ರಾಣಿಗೆ ಅಪಾಯದಲ್ಲಿ ಮೊದಲು ಹೊಳೆಯುವುದು ಅಲುಗದೆ ಇರುವುದು.

ತೋಟದೊಳಗಿನ ವಿಷಯಕ್ಕೆ ಬರುತ್ತೇನೆ, ಕಷ್ಟದ ಮಾತು ಇದೇ. ನೆರಳಿನ ಕಾಫಿ ಎಂದು ನಾವು ಹೆಮ್ಮೆ ಪಡುತ್ತೇವೆ. ಹೆಮ್ಮೆ ಸರಿಯೇ. ಅತ್ತಿ, ಬಸರಿ, ನಂದಿ, ಹಲಸು, ಹಾಲುವಾಣದ ನೆರಳಿನಲ್ಲಿ ಕಾಫಿ ಬೆಳೆದ ಹಿರಿಯರಿಂದಲೇ ಈ ಬೆಟ್ಟಗಳಲ್ಲಿ ಇಷ್ಟು ಜೀವ ಉಳಿದಿದೆ. ಆದರೆ ನೆರಳು ಮೇಲಿನ ಮಹಡಿ. ಬೆಕ್ಕು ಬದುಕುವುದು ಕೆಳಗಿನ ಮಹಡಿಯಲ್ಲಿ, ಮೊಣಕಾಲಿನಿಂದ ಕೆಳಗೆ. ಮರಗಸಿಯಲ್ಲಿ ಕಡಿದ ರೆಂಬೆಗಳ ರಾಶಿ, ಗಿಡದ ಬುಡದ ಹುಲ್ಲು, ತೊಟ್ಟಿಲು ಗುಂಡಿಯಲ್ಲಿ ಕೊಳೆಯುವ ದರಗು, ಅಗಳಿನ ಅಂಚಿನ ಜರೀಗಿಡ, ಇವು ಇದ್ದರೆ ಇಲಿಗೂ ಕಪ್ಪೆಗೂ ಮನೆ, ಬೆಕ್ಕಿಗೆ ಹೊಂಚುವ ಮರೆ. ಆಳುಗಳು ಸಿಗುವುದಿಲ್ಲ, ಕೂಲಿ ಏರಿದೆ, ಕಳೆ ಕೊಚ್ಚಿಸಲು ಆಗುವುದಿಲ್ಲ, ಹಾಗಾಗಿ ಗ್ಲೈಫೋಸೇಟ್ ಹೊಡೆಸುತ್ತೇವೆ. ಈ ಕಷ್ಟ ನಿಜ, ಅದನ್ನು ಹಗುರವಾಗಿ ಕಾಣುವ ಹಕ್ಕು ನನಗಿಲ್ಲ. ನನ್ನ ಕೋರಿಕೆ ಸಣ್ಣದು: ಇಡೀ ತೋಟವನ್ನು ಒಂದೇ ವಾರ ಬೋಳು ಮಾಡಬೇಡಿ. ಒಂದು ಪಟ್ಟಿ ಈಗ, ಪಕ್ಕದ್ದು ತಿಂಗಳ ಮೇಲೆ. ಹಳ್ಳದ ಎರಡು ದಡಕ್ಕೂ ಹತ್ತು ಮಾರು ಔಷಧಿ ಬೇಡ, ಕತ್ತಿಯೂ ಬೇಡ. ಮರೆಯಿಂದ ಮರೆಗೆ ದಾಟುವ ದಾರಿ ಉಳಿದರೆ ಬೆಕ್ಕು ಉಳಿಯುತ್ತದೆ.

ಇಲಿಪಾಷಾಣದ ಮಾತು ಇದಕ್ಕಿಂತ ಗಟ್ಟಿಯಾಗಿ ಹೇಳಬೇಕು. ಈಗ ಅಂಗಡಿಯಲ್ಲಿ ಸಿಗುವ ಬ್ರೋಮಡಯೋಲೋನ್‌ನಂಥ ವಿಷ ಇಲಿಯನ್ನು ಕೂಡಲೇ ಕೊಲ್ಲುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ಮಾಡಿ ನಾಲ್ಕೈದು ದಿನದಲ್ಲಿ ಒಳಗೊಳಗೇ ರಕ್ತ ಸೋರಿಸಿ ಕೊಲ್ಲುತ್ತದೆ. ಆ ದಿನಗಳಲ್ಲಿ ಇಲಿ ಮಂಕಾಗಿ, ಹಗಲಲ್ಲೂ ಹೊರಗೆ ತೂರಾಡುತ್ತದೆ. ಬೇಟೆಗಾರನಿಗೆ ಮೊದಲು ಸಿಗುವುದು ಅದೇ ಇಲಿ. ತಿಂದ ಬೆಕ್ಕಿನ, ಗೂಬೆಯ ಯಕೃತ್ತಿನಲ್ಲಿ ಆ ವಿಷ ಕೂಡುತ್ತ ಹೋಗುತ್ತದೆ. ಇಲಿ ಎರಡು ಮೂರು ತಿಂಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದೆ, ವರ್ಷಕ್ಕೊಮ್ಮೆ ಎರಡು ಮೂರು ಮರಿ ಹಾಕುವ ಬೆಕ್ಕು ತುಂಬಿಕೊಳ್ಳುವುದಿಲ್ಲ. ಮುಂದಿನ ವರ್ಷ ಇಲಿ ಇನ್ನೂ ಹೆಚ್ಚು, ಅದರ ಜೊತೆ ಇಲಿಜ್ವರ, ಇಲಿಯನ್ನು ಹುಡುಕಿ ಬರುವ ನಾಗರ. ಉಗ್ರಾಣದಲ್ಲಿ ಬೋನು ಇಡಿ. ತೋಟದಲ್ಲಿ ಮತ್ತು ಗದ್ದೆಯ ಬದುವಿನಲ್ಲಿ ವಿಷ ಇಡಬೇಡಿ. ತೈವಾನಿನ ಮಿಯಾವೋಲಿ ಸೀಮೆಯಲ್ಲಿ ಚಿರತೆಬೆಕ್ಕು ಕೆಲವೇ ನೂರಕ್ಕೆ ಇಳಿದಾಗ, ಅಲ್ಲಿನ ಕೆಲವು ರೈತರು ವಿಷವಿಲ್ಲದೆ ಭತ್ತ ಬೆಳೆದು, ಆ ಅಕ್ಕಿಯನ್ನು ಬೆಕ್ಕಿನ ಹೆಸರಿನಲ್ಲೇ ಮಾರಿದರು. ಕಳಸದ ಕಾಫಿಯನ್ನು, ಕಾಳುಮೆಣಸನ್ನು ಹಾಗೆ ಮಾರಲು ನಮಗೇನು ಅಡ್ಡಿ? ಬೆಳೆಗಾರರ ಸಂಘಗಳು ಇದನ್ನು ಮುಂದಿನ ಸಭೆಗೆ ತೆಗೆದುಕೊಳ್ಳಬೇಕು.

ಹಂದಿಗೆಂದು ಬೇಲಿಯಂಚಿಗೆ ಕಟ್ಟುವ ಉರುಳಿಗೆ ಬೆಕ್ಕೂ ಬೀಳುತ್ತದೆ. ಉರುಳು ಹಂದಿಗೆ ಹಾಕಿದ್ದು ಎಂದು ಬೆಕ್ಕಿಗೆ ಗೊತ್ತಿಲ್ಲ, ಕಾನೂನಿಗೂ ಆ ವ್ಯತ್ಯಾಸವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಹುಲಿಯ ಜೊತೆಗೇ ಚಿರತೆಬೆಕ್ಕಿನ ಹೆಸರಿದೆ. ಕಟ್ಟದೆ ಬಿಟ್ಟ ನಾಯಿಗಳು ಇನ್ನೊಂದು ಕಾಟ. ಮನೆಬೆಕ್ಕಿನಿಂದ ತಗಲುವ ಭೇದಿ ರೋಗವೂ ಇವನ್ನು ಕೊಲ್ಲಬಲ್ಲದು, ಮನೆಬೆಕ್ಕಿಗೆ ಲಸಿಕೆ ಹಾಕಿಸಿದರೆ ಕಾಡಿನದ್ದಕ್ಕೂ ರಕ್ಷಣೆ.

ಕೊನೆಯದಾಗಿ, ಕೊಯ್ಲಿನ ಮತ್ತು ಮರಗಸಿಯ ಕಾಲದಲ್ಲಿ ಪದೇಪದೇ ಏಳುವ ಪ್ರಶ್ನೆ. ಕಡಿದ ರೆಂಬೆಯ ರಾಶಿ ಎತ್ತುವಾಗ, ಪೊಟರೆಯಲ್ಲಿ, ಕಲ್ಲಿನ ಸಂದಿಯಲ್ಲಿ ಮರಿಗಳು ಸಿಗುತ್ತವೆ. ಚಿರತೆಬೆಕ್ಕು ಎರಡು ತಿಂಗಳು ಗಬ್ಬವಾಗಿದ್ದು ಸಾಮಾನ್ಯವಾಗಿ ಎರಡು ಮೂರು ಮರಿ ಹಾಕುತ್ತದೆ. ಕೆಲಸದವರು ಚಿರತೆಮರಿ ಎಂದು ಹೆದರುತ್ತಾರೆ, ಇಲ್ಲವೆ ತಾಯಿ ಬಿಟ್ಟುಹೋಗಿದೆ ಎಂದು ಕನಿಕರದಿಂದ ಮನೆಗೆ ತಂದು ಹಸುವಿನ ಹಾಲು ಕುಡಿಸುತ್ತಾರೆ, ಮರಿ ಹೊಟ್ಟೆ ಕೆಟ್ಟು ಸಾಯುತ್ತದೆ. ತಾಯಿ ಬಿಟ್ಟುಹೋಗಿರುವುದಿಲ್ಲ, ಜನರ ಸದ್ದಿಗೆ ದೂರ ಸರಿದು ಕಾದಿರುತ್ತದೆ. ಸಿಕ್ಕ ಜಾಗದಲ್ಲೇ ಬಿಡಿ, ಮೇಲೆ ನಾಲ್ಕು ಸೊಪ್ಪಿನ ರೆಂಬೆ ಹಾಕಿ, ಆ ಸಾಲಿನ ಕೆಲಸವನ್ನು ಎರಡು ದಿನ ಮುಂದೂಡಿ, ನಾಯಿಗಳನ್ನು ಕಟ್ಟಿಹಾಕಿ. ರಾತ್ರಿಯಲ್ಲಿ ತಾಯಿ ಬಂದು ಮರಿಗಳನ್ನು ಒಂದೊಂದಾಗಿ ಕತ್ತಿನ ಚರ್ಮ ಕಚ್ಚಿ ಬೇರೆ ಕಡೆಗೆ ಸಾಗಿಸುತ್ತದೆ. ಎರಡು ರಾತ್ರಿ ಕಳೆದರೂ ಮರಿ ಅಲ್ಲೇ ಇದ್ದರೆ, ಅಥವಾ ಮರಿಗೆ ಗಾಯವಾಗಿದ್ದರೆ ಮಾತ್ರ ಅರಣ್ಯ ಇಲಾಖೆಯವರಿಗೆ ಫೋನ್ ಮಾಡಿ. ಈ ಸೂಚನೆಯನ್ನು ದೊಡ್ಡಕ್ಷರದಲ್ಲಿ ಬರೆದು ರೈಟರ ಕೋಣೆಯ ಗೋಡೆಗೂ, ಲೈನ್ ಮನೆಯ ನಲ್ಲಿಯ ಬಳಿಗೂ ಅಂಟಿಸಿ, ಕೆಲಸಕ್ಕೆ ಹೊರಗಿನಿಂದ ಬರುವವರಿಗೆ ಅವರ ಭಾಷೆಯಲ್ಲೂ ಬರೆಸಿ. ಪ್ರಶ್ನೆಗಳಿದ್ದವರು ಈಗ ಕೇಳಬಹುದು.